ತೆರೆಯದೆ ಉಳಿದ ಮೂರನೇ ಸಂಪುಟ

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತನಾದ ಮೇಲೆ ನನಗೆ ಬೆಳಗಿನ ಹೊತ್ತು ಕಳೆಯುವುದೇ ಕಷ್ಟವಾಯಿತು. ತುರುವೇಕೆರೆಯ ಪಕ್ಕದಲ್ಲಿ ನಮ್ಮ ತೆಂಗಿನ ತೋಟವಿದೆ. ಅದನ್ನು ನನ್ನ ತಮ್ಮ ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾನೆ. ನಾನು ಹೋಗಿ ನಿಂತರೆ ಕೆಲಸ ಕೆಡುತ್ತದೆ ಎಂದು ಅವನು ಬಾಯಿಬಿಟ್ಟು ಹೇಳಿಲ್ಲ, ಅಷ್ಟೆ. ಹಾಗಿರುವಾಗ ತಿಪಟೂರಿನಲ್ಲಿ ಬ್ರೈಲ್ ಪುಸ್ತಕ ಅಚ್ಚು ಮಾಡುವ ಒಂದು ಚಿಕ್ಕ ಜಾಗವಿದೆ, ಅಲ್ಲಿ ಪುಸ್ತಕಗಳನ್ನು ಕಂಪ್ಯೂಟರಿಗೆ ಟೈಪು ಮಾಡಿಕೊಡುವವರು ಬೇಕಂತೆ ಎಂದು ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದರು. ವಾರಕ್ಕೆ ಮೂರು ದಿನ ಬೆಳಗಿನ ಬಸ್ಸು ಹತ್ತಿ ಹೋಗತೊಡಗಿದೆ. ಈಗ ಆರು ವರ್ಷವಾಯಿತು.

ಆ ಜಾಗ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿದೆ. ಮೊದಲು ಕೊಬ್ಬರಿ ಗೋದಾಮಾಗಿತ್ತು. ಎಷ್ಟು ಸಲ ಸುಣ್ಣ ಬಳಿದರೂ ಗೋಡೆಗಳಿಂದ ಕೊಬ್ಬರಿಯ ವಾಸನೆ ಹೋಗಿಲ್ಲ. ಒಳಗೆ ಎರಡು ಮೇಜು, ದಪ್ಪ ಕಾಗದದ ಕಟ್ಟುಗಳು, ಗೋಡೆಯುದ್ದಕ್ಕೂ ಪುಸ್ತಕದ ಕಪಾಟು, ಮೂಲೆಯಲ್ಲಿ ಬ್ರೈಲ್ ಚುಕ್ಕಿಗಳನ್ನು ಕಾಗದದ ಮೇಲೆ ಒತ್ತುವ ಯಂತ್ರ. ಅದು ಶುರುವಾಯಿತೆಂದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು, ಪಕ್ಕದಲ್ಲಿ ಕೂತವರ ಮಾತು ಕೇಳಿಸುವುದಿಲ್ಲ. ಬ್ರೈಲ್ ಅಕ್ಷರಕ್ಕೆ ಜಾಗ ಹೆಚ್ಚು ಬೇಕು. ನಾವು ಕೈಚೀಲದಲ್ಲಿ ಹಾಕಿಕೊಂಡು ಹೋಗುವ ಒಂದು ಕಾದಂಬರಿ ಅಲ್ಲಿ ನಾಲ್ಕು ದಪ್ಪ ಸಂಪುಟಗಳಾಗುತ್ತದೆ. ಅವನ್ನು ಕಟ್ಟಿ ಅಂಚೆಗೆ ಹಾಕಿದರೆ ಓದುಗರ ಮನೆಗೆ ಹೋಗುತ್ತವೆ, ಓದಿ ಮುಗಿಸಿ ಅವರು ವಾಪಸು ಕಳಿಸುತ್ತಾರೆ.

ಇಷ್ಟನ್ನೂ ನಡೆಸುವುದು ಒಬ್ಬ ಹೆಂಗಸು. ಕಂದಿಕೆರೆಯವರು, ವಯಸ್ಸು ನಲವತ್ತರ ಹತ್ತಿರ. ಹುಟ್ಟಿನಿಂದಲೇ ಕಣ್ಣು ಕಾಣದು. ದಿನಾ ಚಿಕ್ಕನಾಯಕನಹಳ್ಳಿಯ ಮೇಲೆ ಎರಡು ಬಸ್ಸು ಬದಲಾಯಿಸಿ ನನಗಿಂತ ಮೊದಲೇ ಬಂದು ಬೀಗ ತೆಗೆದಿರುತ್ತಾರೆ. ಮೊದಲ ವಾರದಲ್ಲೇ ನಾನು ಒಂದು ಪಾಠ ಕಲಿತೆ. ಕೋಣೆ ಒಪ್ಪವಾಗಿರಲಿ ಎಂದು ಕುರ್ಚಿಯೊಂದನ್ನು ಗೋಡೆಗೆ ಸರಿಸಿದ್ದೆ. ಆಕೆ ಅದನ್ನು ಹುಡುಕಿ ಇದ್ದಲ್ಲಿಗೇ ಎಳೆದಿಟ್ಟು, ಇಲ್ಲಿ ಯಾವ ವಸ್ತುವನ್ನೂ ಕೇಳದೆ ಕದಲಿಸಬಾರದು ಎಂದು ಹೇಳಿದರು. ಜೋರು ಮಾಡಲಿಲ್ಲ, ನಗಲೂ ಇಲ್ಲ. ನಾನು ಮೂವತ್ತು ವರ್ಷ ಮಕ್ಕಳಿಗೆ ಹೇಳುತ್ತಿದ್ದ ದನಿಯಲ್ಲಿ ಯಾರೋ ನನಗೆ ಹೇಳಿದ ಹಾಗಾಯಿತು.

ಆಕೆಯ ಕಂಪ್ಯೂಟರು ತೆರೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂರುತ್ತಾರೆ. ಒಮ್ಮೆ ನನಗೂ ಕೇಳಿಸಿದರು. ಜೇನುಹುಳು ಗುಂಯ್‌ಗುಟ್ಟಿದಂತಿತ್ತು, ಒಂದು ಪದವೂ ತಿಳಿಯಲಿಲ್ಲ. ಆ ವೇಗದಲ್ಲಿ ಕೇಳುತ್ತಲೇ ಆಕೆ ನನ್ನ ಟೈಪಿಂಗಿನ ತಪ್ಪುಗಳನ್ನು ಹಿಡಿಯುತ್ತಿದ್ದರು.

ಆ ಕಂಪ್ಯೂಟರು ಬಹಳ ಹಳೆಯದು. ಬದಲಾಯಿಸುವ ಹಾಗಿರಲಿಲ್ಲ. ಕನ್ನಡವನ್ನು ಬ್ರೈಲಿಗೆ ತಿರುಗಿಸುವ ಪ್ರೋಗ್ರಾಂ ಅದರಲ್ಲೇ ಓಡುತ್ತಿತ್ತು. ಅದನ್ನು ಬರೆದವರು ತೀರಿಕೊಂಡು ಬಹಳ ಕಾಲವಾಗಿದೆ, ಅದರ ಮೂಲ ಬರಹ ಯಾರ ಹತ್ತಿರವೂ ಇಲ್ಲ. ಅಚ್ಚಿನ ಯಂತ್ರದ ಅಗಲವಾದ ತಂತಿಯೂ ಈಗಿನ ಕಂಪ್ಯೂಟರುಗಳಿಗೆ ಕೂರುವುದಿಲ್ಲ. ಹಾಗಾಗಿ ಹಳೆಯದನ್ನೇ ಒರೆಸಿ, ಧೂಳು ಊದಿ ನಡೆಸುತ್ತಿದ್ದರು.

ಹೋದ ವರ್ಷ ಅದರ ಡಿಸ್ಕು ಕಿರಗುಟ್ಟಲು ಶುರುವಾಯಿತು. ಆಕೆಗೆ ಅದು ನನಗಿಂತ ಮೊದಲೇ ಕೇಳಿಸಿತ್ತು. ಐದು ವರ್ಷ ನಾನು ಟೈಪು ಮಾಡಿದ್ದು, ಅದಕ್ಕೂ ಮುಂಚೆ ಬೇರೆಯವರು ಮಾಡಿದ್ದು, ಎಲ್ಲವೂ ಅದರೊಳಗೇ ಇತ್ತು. ನಾನು ಹಠ ಹಿಡಿದು ಒಂದು ಹೊಸ ಕಂಪ್ಯೂಟರು ತರಿಸಿದೆ. ಅದರ ಡಿಸ್ಕು ಹಳೆಯದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಪುಸ್ತಕಗಳೆಲ್ಲ ಹೊಸದರಲ್ಲಿರಲಿ, ಹಳೆಯ ಕಂಪ್ಯೂಟರು ತಂತಿಯ ಮೂಲಕ ಅಲ್ಲಿಂದ ಓದಿಕೊಂಡು ಅಚ್ಚು ಹಾಕಲಿ ಎಂದು ಇಬ್ಬರೂ ಮಾತಾಡಿಕೊಂಡೆವು. ಜೋಡಣೆಯನ್ನೆಲ್ಲ ಆಕೆಯೇ ಮಾಡಿದರು. ಫೈಲುಗಳ ನಕಲು ಮುಗಿದ ದಿನ ನಾನು ಎದುರುಗಡೆಯ ಹೋಟೆಲಿನಿಂದ ಉಪ್ಪಿಟ್ಟು, ಕಾಫಿ ತರಿಸಿದೆ.

ಒಂದು ವಾರ ಏನೂ ತೊಂದರೆ ಇರಲಿಲ್ಲ. ಆಮೇಲೆ ಮೂರನೇ ಸಂಪುಟ ಬಂತು.

ಆ ಸಂಪುಟಕ್ಕಾಗಿ ಕಾಯುತ್ತಿದ್ದವರು ತಿಪಟೂರಿನವರೇ, ಕೊಬ್ಬರಿ ವ್ಯಾಪಾರಿ. ಸಕ್ಕರೆ ಕಾಯಿಲೆಯಿಂದ ಐವತ್ತು ದಾಟಿದ ಮೇಲೆ ದೃಷ್ಟಿ ಹೋಗಿತ್ತು. ಆಕೆಯೇ ಅವರಿಗೆ ಬ್ರೈಲ್ ಕಲಿಸಿದ್ದರು. ಜೀವನದಲ್ಲಿ ಕಾದಂಬರಿ ಮುಟ್ಟದಿದ್ದ ಮನುಷ್ಯ ಈಗ ದಿನಾ ಮಧ್ಯಾಹ್ನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಒಂದು ಕಾದಂಬರಿಯ ಎರಡು ಸಂಪುಟ ಮುಗಿಸಿ, ಕಥಾನಾಯಕಿ ಗಂಡನ ಮನೆಯಿಂದ ಹೊರಟು ದಾರಿಯಲ್ಲಿರುವಾಗ ಮೂರನೆಯದು ಬೇಕೆಂದು ಫೋನು ಮಾಡಿದರು.

ಆಕೆ ಮೂರನೇ ಸಂಪುಟದ ಫೈಲನ್ನು ಬ್ರೈಲ್ ಪ್ರೋಗ್ರಾಮಿಗೆ ಕೊಟ್ಟರು. ಅದು ತೆರೆಯಲಿಲ್ಲ. ಇಂಗ್ಲಿಷಿನಲ್ಲಿ ಒಂದು ಸಾಲು ಹೇಳಿ ನಿಂತುಬಿಟ್ಟಿತು. ಇಟ್ಟುಕೊಳ್ಳುವ ಜಾಗಕ್ಕಿಂತ ಸಂಖ್ಯೆ ದೊಡ್ಡದಾಯಿತು ಎಂಬುದು ಅದರ ತಾತ್ಪರ್ಯ. ನಾಲ್ಕನೇ ಸಂಪುಟವೂ ಹಾಗೇ ಆಯಿತು. ಒಂದು, ಎರಡು ಮಾತ್ರ ಸಲೀಸಾಗಿ ತೆರೆದವು. ಮೂರು, ನಾಲ್ಕನ್ನು ನಾನು ಟೈಪು ಮಾಡಿ ಮುಗಿಸಿದ್ದು ಹೊಸ ಕಂಪ್ಯೂಟರು ಬಂದ ಮೇಲೆ, ಹಾಗಾಗಿ ಅವುಗಳ ಪ್ರತಿ ಹಳೆಯ ಡಿಸ್ಕಿನಲ್ಲಿರಲಿಲ್ಲ.

ಫೈಲು ತುಂಬ ದೊಡ್ಡದಿರಬೇಕು ಎಂದೆ ನಾನು. ಆಕೆ ಅಳತೆ ಕೇಳಿ ನೋಡಿದರು. ಮೂರನೆಯದು ಒಂದನೆಯದಕ್ಕಿಂತ ಚಿಕ್ಕದು. ಆಮೇಲೆ ಆಕೆ ಮಾಡಿದ್ದನ್ನು ನಾನು ನನ್ನ ತರಗತಿಗಳಲ್ಲಿ ಎಷ್ಟೋ ಸಲ ಮಾಡಬೇಕಿತ್ತು ಅನ್ನಿಸುತ್ತದೆ. ಮೂರನೇ ಸಂಪುಟವಿದ್ದ ಫೋಲ್ಡರಿನೊಳಗೇ ಒಂದು ಹೊಸ ಫೈಲು ಮಾಡಿ, ಅದರಲ್ಲಿ ‘ಅ’ ಎಂಬ ಒಂದೇ ಅಕ್ಷರ ಬರೆದು, ತೆರೆಯಲು ಹೇಳಿದರು. ಅದನ್ನೂ ತೆರೆಯಲಿಲ್ಲ. ಅದೇ ಸಾಲು.

“ಒಂದಕ್ಷರನೂ ದೊಡ್ಡದಂತೆ,” ಎಂದರು. “ಅದು ಹೇಳ್ತಿರೋ ಸಂಖ್ಯೆ ಬೇರೆ ಯಾವ್ದೋ ಐತೆ ಮೇಷ್ಟ್ರೇ.”

ಆ ದಿನ ಇಬ್ಬರೂ ಕೂತು ಬೇರೆ ಪುಸ್ತಕಗಳನ್ನು ಪರೀಕ್ಷಿಸಿದೆವು. ಕೆಲವು ತೆರೆದವು, ಕೆಲವು ಇಲ್ಲ. ಹೆಚ್ಚುಕಡಿಮೆ ಅರ್ಧಕ್ಕರ್ಧ. ಹಳೆಯ ಪುಸ್ತಕ, ಹೊಸ ಪುಸ್ತಕ, ದೊಡ್ಡದು, ಚಿಕ್ಕದು ಎಂಬ ಭೇದ ಕಾಣಲಿಲ್ಲ.

ನನಗೆ ಗಾಬರಿಯಾಯಿತು. ಊರಿನಲ್ಲಿ ಕಂಪ್ಯೂಟರು ರಿಪೇರಿ ಮಾಡುವ ಒಬ್ಬರನ್ನು ಕರೆಸಿದೆ. ಕೆಲಸ ಬಲ್ಲವರೇ, ಸಂಭಾವಿತರೂ ಹೌದು. ಅರ್ಧ ಗಂಟೆ ನೋಡಿದರು. ಅರ್ಧ ಫೈಲು ತೆರೆದು ಅರ್ಧ ತೆರೆಯುವುದಿಲ್ಲವೆಂದರೆ ಹೊಸ ಡಿಸ್ಕಿನಲ್ಲೇ ದೋಷ, ಪೂರ್ತಿ ಅಳಿಸಿ ಮೊದಲಿಂದ ತುಂಬಬೇಕು, ಆ ಹಳೆಯ ಪೆಟ್ಟಿಗೆಯನ್ನು ಇನ್ನಾದರೂ ಬಿಸಾಡಿ ಎಂದರು. ಅಳಿಸಿದ ಮೇಲೆ ತುಂಬುವುದು ಎಲ್ಲಿಂದ? ಹಳೆಯ ಡಿಸ್ಕಿನಿಂದ. ಅದೋ ದಿನದಿನಕ್ಕೆ ಹೆಚ್ಚು ಕಿರಗುಟ್ಟುತ್ತಿತ್ತು. ಇನ್ನೊಂದು ಸಲ ಅಷ್ಟು ಓದಲು ಅದಕ್ಕೆ ಶಕ್ತಿ ಇದೆಯೋ ಇಲ್ಲವೋ.

ಆಕೆ ಒಪ್ಪಲಿಲ್ಲ. ಹೊಸ ಯಂತ್ರದಲ್ಲಿ ಅದೇ ಫೈಲು ಚೆನ್ನಾಗಿ ತೆರೆಯುತ್ತದೆ, ಪೂರ್ತಿ ಓದಿಸಿ ಕೇಳಿದ್ದೇನೆ, ಡಿಸ್ಕು ಕೆಟ್ಟಿದ್ದರೆ ಅಲ್ಲೂ ಕೆಡಬೇಕಿತ್ತು ಎಂದರು. ಒಂದು ವಾರ ಕೊಡಿ ಎಂದು ಕೇಳಿದರು. ನಾನು ರಿಪೇರಿಯವರ ಪಕ್ಷ ಹಿಡಿದೆ. ನನ್ನ ಐದು ವರ್ಷದ ಕೆಲಸ ಹೋದೀತೆಂಬ ಭಯ ಇತ್ತು, ಅದಕ್ಕೇ ಬಾಯಿ ಜಾರಿತು.

“ಅವರು ಕಣ್ಣಾರೆ ನೋಡಿ ಹೇಳ್ತಾ ಇದಾರೆ ಕಣಮ್ಮ,” ಎಂದುಬಿಟ್ಟೆ.

ರಿಪೇರಿಯವರು ತಮ್ಮ ಚೀಲ ತೆಗೆದುಕೊಂಡು, ಯೋಚನೆ ಮಾಡಿ ಫೋನು ಮಾಡಿ ಎಂದು ಹೇಳಿ ಹೊರಟುಹೋದರು. ಆಕೆ ಇಯರ್‌ಫೋನನ್ನು ಕಿವಿಗೆ ಹಾಕಿಕೊಂಡರು. ನಾನು ಸಂಜೆಯ ಬಸ್ಸಿಗೆ ಕಾಯದೆ ಮಧ್ಯಾಹ್ನದ್ದಕ್ಕೇ ಹೊರಟೆ. ದಾರಿಯುದ್ದಕ್ಕೂ ಆ ಮಾತು ನನ್ನ ಬಾಯಲ್ಲಿ ಕಹಿಯಾಗಿ ಕೂತಿತ್ತು. ಮನೆಗೆ ಹೋದ ಮೇಲೆ ಹೆಂಡತಿಗೆ ಹೇಳಿದೆ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು.

ಮೂರು ದಿನ ಬಿಟ್ಟು ಹೋದೆ. ಹೋದವನು ಮೊದಲು ಕ್ಷಮೆ ಕೇಳಬೇಕೆಂದುಕೊಂಡಿದ್ದೆ. ಆಕೆ ಅದಕ್ಕೆ ಅವಕಾಶ ಕೊಡಲಿಲ್ಲ. ನಾನು ಚಪ್ಪಲಿ ಬಿಡುವ ಸದ್ದು ಕೇಳಿದ್ದೇ, ಬಂದು ಕೂರಿ, ಒಂದು ಲೆಕ್ಕ ಇದೆ ಎಂದರು.

ಮೇಜಿನ ಮೇಲೆ ಬ್ರೈಲ್ ಕಾಗದಗಳ ಎರಡು ಕಟ್ಟು ಇದ್ದವು. ಮೂರು ದಿನ ಆಕೆ ಗ್ರಂಥಾಲಯದ ಒಂದೊಂದು ಪುಸ್ತಕವನ್ನೂ ಹಳೆಯ ಪ್ರೋಗ್ರಾಮಿಗೆ ಕೊಟ್ಟು, ತೆರೆದವುಗಳನ್ನು ಒಂದು ಕಟ್ಟಿಗೆ, ತೆರೆಯದವುಗಳನ್ನು ಇನ್ನೊಂದಕ್ಕೆ ಬರೆದುಕೊಂಡಿದ್ದರು. ಆಮೇಲೆ ಕಂಪ್ಯೂಟರಿಗೆ ಒಂದು ಫೈಲಿನ ಬಗ್ಗೆ ಏನೇನು ಗೊತ್ತಿರುತ್ತದೋ ಅಷ್ಟನ್ನೂ ಒಂದೊಂದಾಗಿ ಕೇಳಿದ್ದರು. ಹೆಸರಿನ ಉದ್ದ, ತಾರೀಖು, ಅಳತೆ, ಯಾರ ಹೆಸರಿನಲ್ಲಿದೆ ಎಂಬುದು. ಯಾವುದೂ ಎರಡು ಕಟ್ಟುಗಳಿಗೆ ಹೊಂದಲಿಲ್ಲ. ಕೊನೆಗೆ ಉಳಿದದ್ದು ಫೈಲಿನ ನಂಬರು.

ನಂಬರು ಎಂದರೇನೆಂದು ನನಗೆ ವಿವರಿಸಿದರು. ನಾವು ಫೈಲನ್ನು ಹೆಸರಿನಿಂದ ಗುರುತಿಸುತ್ತೇವೆ. ಯಂತ್ರ ಒಳಗೊಳಗೆ ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟಿರುತ್ತದೆ. ಆ ಸಂಖ್ಯೆ ಡಿಸ್ಕಿನಲ್ಲಿ ಫೈಲು ಎಲ್ಲಿ ಕೂತಿದೆ ಎಂಬುದರ ಮೇಲೆ ಬರುತ್ತದೆ. ಡಿಸ್ಕಿನ ಮೊದಲ ಭಾಗದಲ್ಲಿದ್ದರೆ ಸಣ್ಣದು, ಆಚೆ ತುದಿಗೆ ಹೋದಷ್ಟೂ ದೊಡ್ಡದು. ಹೊಸ ಡಿಸ್ಕು ದೊಡ್ಡದಾದ್ದರಿಂದ ಅದು ಫೋಲ್ಡರುಗಳನ್ನು ಅಲ್ಲೊಂದು ಇಲ್ಲೊಂದು ಹಂಚಿ ಹಾಕಿತ್ತು.

“ಕಿವಿಗೆ ಗೊತ್ತಾಯ್ತು ಕಣ್ ಮೇಷ್ಟ್ರೇ,” ಎಂದರು. “ಒಂದೊಂದೇ ಅಂಕಿ ಓದ್ತದಲ್ಲ. ತೆಗಿಯೋ ಫೈಲಿಂದು ಒಂದೋ ಪುಟಾಣಿ ನಂಬರು, ಇಲ್ಲಾ ಎರಡರಲ್ಲಿ ಶುರುವಾಗೋ ಹತ್ತಂಕಿದು. ತೆಗಿಯದೇ ಇರೋವು ಅಷ್ಟೂ ನಾಕರಲ್ಲಿ ಶುರುವಾಗ್ತವೆ, ಇಲ್ಲಾ ಆರರಲ್ಲಿ. ಒಂದೂ ತಪ್ಪಿಲ್ಲ.”

ತೆರೆಯದವುಗಳಲ್ಲಿ ಎಲ್ಲಕ್ಕಿಂತ ಸಣ್ಣ ನಂಬರನ್ನು ನನಗೆ ಬರೆದುಕೊಳ್ಳಲು ಹೇಳಿದರು. ಬೆರಳನ್ನು ಕಾಗದದ ಮೇಲೆ ಓಡಿಸುತ್ತ ಒಂದೊಂದೇ ಅಂಕಿ ಹೇಳಿದರು. 4294967427. ಇದಕ್ಕಿಂತ ಸ್ವಲ್ಪ ಕೆಳಗೆ ನಿಮ್ಮ ಗಣಿತದಲ್ಲಿ ಯಾವುದಾದರೂ ಹೆಸರುವಾಸಿ ಸಂಖ್ಯೆ ಇದೆಯೇ ಎಂದು ಕೇಳಿದರು. ಆಕೆಗೆ ಉತ್ತರದ ಅನುಮಾನ ಆಗಲೇ ಬಂದಿತ್ತು, ನನ್ನ ಬಾಯಿಂದ ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಕಂಪ್ಯೂಟರು ಎಲ್ಲವನ್ನೂ ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ ಎಂಬಷ್ಟು ನನಗೂ ಗೊತ್ತು. ಪೆನ್ಸಿಲು ತೆಗೆದುಕೊಂಡು ಎರಡನ್ನು ಇಮ್ಮಡಿ ಮಾಡುತ್ತ ಹೋದೆ. ಎರಡು, ನಾಲ್ಕು, ಎಂಟು, ಹದಿನಾರು. ಹತ್ತನೇ ಸಲಕ್ಕೆ ಸಾವಿರ ದಾಟಿತು, ಇಪ್ಪತ್ತನೇ ಸಲಕ್ಕೆ ಹತ್ತು ಲಕ್ಷ. ಮೂವತ್ತೊಂದನೇ ಸಲಕ್ಕೆ ಬಂದದ್ದು ಎರಡರಲ್ಲಿ ಶುರುವಾಗುವ ಹತ್ತಂಕಿಯ ಸಂಖ್ಯೆ. ನನ್ನ ಕೈ ನಿಧಾನವಾಯಿತು. ಮೂವತ್ತೆರಡನೇ ಸಲಕ್ಕೆ ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತಾರು. ಆಕೆ ಕೊಟ್ಟ ನಂಬರಿಗೂ ಅದಕ್ಕೂ ಇದ್ದ ವ್ಯತ್ಯಾಸ ಬರೀ ನೂರ ಮೂವತ್ತೊಂದು.

ಓದಿ ಹೇಳಿದೆ. ಆಕೆ ಕೈ ಚಾಚಿ ನನ್ನ ಕಾಗದವನ್ನು ಮುಟ್ಟಿದರು. ಪೆನ್ಸಿಲಿನ ಗುರುತು ಬೆರಳಿಗೆ ಏನೂ ಹೇಳುವುದಿಲ್ಲ, ಆದರೂ ಮುಟ್ಟಿದರು.

ಆ ಹಳೆಯ ಪ್ರೋಗ್ರಾಂ ಬರೆದವರು ಫೈಲಿನ ನಂಬರಿಗೆ ಮೂವತ್ತೆರಡು ಮನೆಗಳನ್ನು ಮಾತ್ರ ಇಟ್ಟಿದ್ದರು. ಪ್ರತಿ ಮನೆಯಲ್ಲೂ ಸೊನ್ನೆ ಅಥವಾ ಒಂದು. ಅವರ ಕಾಲದ ಡಿಸ್ಕುಗಳಿಗೆ ಅದು ಬೇಕಾದಷ್ಟಾಯಿತು. ಹೊಸ ಡಿಸ್ಕಿನ ಆಚೆಯ ಅರ್ಧದಲ್ಲಿ ಕೂತ ಫೈಲುಗಳ ನಂಬರು ಆ ಮನೆಗಳಲ್ಲಿ ಹಿಡಿಸಲಿಲ್ಲ. ತಪ್ಪು ನಂಬರು ಇಟ್ಟುಕೊಳ್ಳುವ ಬದಲು ಆ ಯಂತ್ರ ಆಗುವುದಿಲ್ಲ ಎಂದು ಹೇಳಿ ನಿಂತಿತ್ತು. “ಪಾಪ, ನಿಜಾನೇ ಹೇಳ್ತಿತ್ತು,” ಎಂದರು ಆಕೆ.

ಇಷ್ಟಾದರೂ ಆಕೆಗೆ ಸಮಾಧಾನವಿಲ್ಲ. ಪರೀಕ್ಷಿಸಿ ನೋಡಬೇಕೆಂದರು. ಹಳೆಯ ಯಂತ್ರದ ಸ್ವಂತ ಡಿಸ್ಕು ಚಿಕ್ಕದು, ಅದರಲ್ಲಿ ಯಾವ ನಂಬರೂ ಗೆರೆ ದಾಟಲಾರದು. ತಮ್ಮ ಊಹೆ ಸರಿಯಾಗಿದ್ದರೆ ಮೂರನೇ ಸಂಪುಟವನ್ನು ಅಲ್ಲಿಗೆ ನಕಲು ಮಾಡಿದರೆ ತೆರೆಯಲೇಬೇಕು. ಮಾಡಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಮೂಲೆಯ ಯಂತ್ರ ತಟತಟ ಬಡಿಯತೊಡಗಿತು, ಕಾಗದ ಮಡಿಕೆ ಮಡಿಕೆಯಾಗಿ ಕೆಳಗಿಳಿಯಿತು. ಆಕೆ ಎದ್ದು ಹೋಗಿ ಮೊದಲ ಪುಟದ ಮೇಲೆ ಬೆರಳಾಡಿಸಿ, ಆ ಹೆಣ್ಣುಮಗಳು ಇನ್ನೂ ದಾರೀಲೇ ಅವ್ಳೆ ನೋಡಿ ಎಂದು ಕೂಗಿ ಹೇಳಿದರು. ಆ ಸದ್ದಿನಲ್ಲಿ ನಾನು ಏನೋ ಹೇಳಿದೆ, ಅವರಿಗೆ ಕೇಳಿಸಲಿಲ್ಲ.

ಇಡೀ ಗ್ರಂಥಾಲಯವನ್ನು ಹಾಗೆ ಒಂದೊಂದೇ ನಕಲು ಮಾಡಿಕೊಂಡು ಬದುಕಲಾಗುವುದಿಲ್ಲ. ಶಾಶ್ವತವಾದ ದಾರಿ ಬೇಕಿತ್ತು. ಮೊದಲು ಒಂದು ಸುಲಭದ ದಾರಿ ಸಿಕ್ಕಿತು. ದೊಡ್ಡ ನಂಬರು ಬಂದರೆ ಅದನ್ನು ಮಡಚಿ ಚಿಕ್ಕದು ಮಾಡಿಕೊ ಎಂದು ಹಳೆಯ ಯಂತ್ರಕ್ಕೇ ಹೇಳಿಡಬಹುದಿತ್ತು. ಒಂದೇ ಸಾಲಿನ ಆಜ್ಞೆ. ಹಾಕಿದರೆ ಎಲ್ಲ ಪುಸ್ತಕಗಳೂ ತೆರೆದವು. ನಾನು ಕೆಲಸ ಮುಗಿಯಿತು ಎಂದು ಎದ್ದೆ. ಆಕೆ ಏಳಲಿಲ್ಲ. ಮಡಚಿದ ಮೇಲೆ ಎರಡು ಬೇರೆ ಬೇರೆ ಫೈಲುಗಳಿಗೆ ಒಂದೇ ನಂಬರು ಬಂದರೆ ಏನು ಗತಿ ಎಂದು ಕೇಳಿದರು. ನಾನು, ಅಷ್ಟು ದೊಡ್ಡ ಸಂಖ್ಯೆಗಳಲ್ಲಿ ಹಾಗಾಗುವ ಸಂಭವ ಎಷ್ಟೆಂದು ಸಂಭಾವ್ಯತೆಯ ಪಾಠ ಶುರುಮಾಡಿದೆ. ನಾನು ಪಾಠ ಮುಗಿಸುವುದರೊಳಗೆ ಆಕೆ ಎಲ್ಲ ನಂಬರುಗಳನ್ನೂ ಸಾಲಾಗಿ ಜೋಡಿಸಿ, ಎರಡು ಸಲ ಬಂದವುಗಳನ್ನು ಓದಿಸಿದರು. ಬಂದಿದ್ದವು, ಒಂದೆರಡಲ್ಲ. ಒಂದು ಅಡುಗೆ ಪುಸ್ತಕಕ್ಕೂ ಒಂದು ವ್ಯಾಕರಣಕ್ಕೂ ಒಂದೇ ನಂಬರು. ವಾರಕ್ಕೊಮ್ಮೆ ಪ್ರತಿ ತೆಗೆದಿಡುವ ಪ್ರೋಗ್ರಾಂ ಇವೆರಡೂ ಒಂದೇ ಪುಸ್ತಕವೆಂದು ತಿಳಿದು ಒಂದನ್ನು ಬಿಟ್ಟುಬಿಟ್ಟೀತು, ಅದು ನಮಗೆ ಗೊತ್ತಾಗುವುದು ಪುಸ್ತಕ ಕಳೆದುಹೋದ ಮೇಲೆ ಎಂದರು. ಆ ಆಜ್ಞೆಯನ್ನು ತೆಗೆದುಹಾಕಿದರು.

ಕೊನೆಗೆ ಮಾಡಿದ್ದು ನಿಧಾನದ ಕೆಲಸ. ಇನ್ನು ಮುಂದೆ ಯಾವ ಫೈಲಿಗೂ ಆ ಗೆರೆ ದಾಟಿದ ನಂಬರು ಕೊಡಬೇಡ, ಮೊದಲರ್ಧದಲ್ಲೇ ಜಾಗ ಮಾಡು ಎಂದು ಹೊಸ ಯಂತ್ರಕ್ಕೆ ಹೇಳಿದರು. ನಮ್ಮ ಪುಸ್ತಕಗಳೆಲ್ಲ ಸೇರಿದರೂ ಆ ಅರ್ಧದ ಒಂದು ಮೂಲೆ ತುಂಬುವುದಿಲ್ಲ. ಆದರೆ ಆಗಲೇ ದೊಡ್ಡ ನಂಬರು ಪಡೆದವು ತಾವಾಗಿ ಬದಲಾಗುವುದಿಲ್ಲ. ಅಂಥ ಪ್ರತಿಯೊಂದು ಫೋಲ್ಡರನ್ನೂ ಹೊಸದಾಗಿ ನಕಲು ಮಾಡಿ, ಹಳೆಯದಕ್ಕೂ ಹೊಸದಕ್ಕೂ ಒಂದಕ್ಷರವೂ ವ್ಯತ್ಯಾಸವಿಲ್ಲವೆಂದು ಹೋಲಿಸಿ, ನಂಬರು ಕೇಳಿ, ಆಮೇಲೆ ಹಳೆಯದನ್ನು ಅಳಿಸಬೇಕು. ಒಂದೇ ಆಜ್ಞೆಯಲ್ಲಿ ಎಲ್ಲವನ್ನೂ ಮುಗಿಸಬಹುದಲ್ಲ ಎಂದೆ. ಅಳಿಸುವ ಕೆಲಸವನ್ನು ಒಟ್ಟಿಗೆ ಮಾಡುವುದಿಲ್ಲ ಎಂದರು. ನಾನು ಪಟ್ಟಿ ಓದುತ್ತಿದ್ದೆ, ಆಕೆ ಮಾಡುತ್ತಿದ್ದರು. ನಾನು ಹೋಗುವ ದಿನಗಳ ಲೆಕ್ಕದಲ್ಲಿ ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಒಮ್ಮೆಯೂ ಆಕೆ ಅವಸರಪಟ್ಟಿದ್ದನ್ನು ನಾನು ನೋಡಲಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋದಾಗ ಮಾತ್ರ, ಅರ್ಧಕ್ಕೆ ನಿಂತ ನಕಲು ಯಾವುದೆಂದು ತಮ್ಮ ಬ್ರೈಲ್ ಪಟ್ಟಿಯಲ್ಲಿ ಬೆರಳಿಟ್ಟು ಗುರುತು ಮಾಡಿಕೊಂಡು, ಕರೆಂಟು ಬರುವವರೆಗೂ ಆ ಬೆರಳನ್ನು ಕಾಗದದಿಂದ ತೆಗೆಯಲೇ ಇಲ್ಲ.

ಕೊಬ್ಬರಿ ವ್ಯಾಪಾರಿಗಳಿಗೆ ಮೂರನೇ ಸಂಪುಟ ಆಗಲೇ ಹೋಗಿತ್ತು, ನಾಲ್ಕನೆಯದೂ ಹೋಯಿತು. ಓದಿ ಮುಗಿಸಿದ ದಿನ ಅವರು ಫೋನು ಮಾಡಿ, ಕಥಾನಾಯಕಿ ಕೊನೆಗೆ ವಾಪಸು ಹೋಗಬಾರದಿತ್ತು ಎಂದು ಅರ್ಧ ಗಂಟೆ ಆಕೆಯ ಹತ್ತಿರ ವಾದ ಮಾಡಿದರು. ರಿಪೇರಿಯವರಿಗೆ ಆಕೆಯೇ ಫೋನು ಮಾಡಿ ನಡೆದದ್ದನ್ನು ತಿಳಿಸಿದರು. ಅವರು ಸಂಜೆ ಬಂದು, ಮತ್ತೊಮ್ಮೆ ಮೊದಲಿಂದ ಹೇಳಿಸಿಕೊಂಡು, ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಎದ್ದು ಹೋಗುವಾಗ ಆಕೆಗೆ ಕೈ ಮುಗಿದರು. ಮುಗಿದದ್ದು ಆಕೆಗೆ ಕಾಣದೆಂದು ಹೊಳೆದು, ನಮಸ್ಕಾರ ಮೇಡಂ ಎಂದು ಬಾಯಲ್ಲೂ ಹೇಳಿದರು.

ನನ್ನ ಕ್ಷಮೆ ಇನ್ನೂ ಬಾಕಿ ಇತ್ತು. ಕೆಲಸ ಮುಗಿದ ದಿನ ಕೇಳಿದೆ. ಅಂದು ಹಾಗೆ ಹೇಳಬಾರದಿತ್ತು ಎಂದೆ. ಆಕೆ ಕಾಗದಗಳನ್ನು ಜೋಡಿಸುತ್ತಿದ್ದರು, ಕೈ ನಿಲ್ಲಿಸಲಿಲ್ಲ.

“ಬೇಜಾರಾಯ್ತು ಮೇಷ್ಟ್ರೇ, ಸುಳ್ಳು ಯಾಕ್ ಹೇಳ್ಲಿ,” ಎಂದರು. ಕಟ್ಟನ್ನು ಮೇಜಿಗೆ ತಟ್ಟಿ ಅಂಚು ಸರಿಮಾಡಿ, “ಲೆಕ್ಕ ಮಾಡ್ಬೇಕಾದ್ರೆ ನಿಮ್ ದನಿ ಬದಲಾಯ್ತು. ಆವಾಗ್ಲೇ ಹೋಯ್ತು ಬುಡಿ,” ಎಂದರು.

ಗಣಿತವನ್ನು ನಾನು ಬಹಳ ಮಕ್ಕಳಿಗೆ ಹೇಳಿದ್ದೇನೆ. ತೆರೆದವು, ತೆರೆಯದವು ಎಂದು ಎರಡು ಕಟ್ಟು ಮಾಡಿ, ಇವೆರಡರ ನಡುವೆ ಇರುವ ವ್ಯತ್ಯಾಸ ಒಂದೇ ಒಂದು ಎಂಬಲ್ಲಿಯವರೆಗೂ ಬಿಡದೆ ಕೂತ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ. ನಾನೂ ಹಾಗೆ ಕೂತವನಲ್ಲ.

ಈ ಬೇಸಿಗೆಯಲ್ಲಿ ಉತ್ತರದ ಕಡೆಯ ಒಂದು ಬ್ರೈಲ್ ಮುದ್ರಣಾಲಯದಿಂದ ಆಕೆಗೆ ಫೋನು ಬಂತು. ಅಲ್ಲೂ ಅದೇ ಪ್ರೋಗ್ರಾಂ, ಅವರೂ ದೊಡ್ಡ ಡಿಸ್ಕು ತರಿಸಿದ್ದರಂತೆ. ಆಚೆಯವರು ಗಾಬರಿಯಲ್ಲಿ ಮಾತಾಡುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಆಕೆ ಅವರನ್ನು ಪೂರ್ತಿ ಮಾತಾಡಲು ಬಿಟ್ಟರು. ಆಮೇಲೆ, ಮೊದಲು ಯಾವುದನ್ನೂ ಅಳಿಸಬೇಡಿ ಎಂದರು. ತೆರೆಯದ ಫೈಲು ಒಂದರ ನಂಬರನ್ನು ನಿಧಾನವಾಗಿ ಓದಿ ಎಂದು ಕೇಳಿ, ಕಣ್ಣು ಮುಚ್ಚಿಕೊಂಡು ತಲೆ ಸ್ವಲ್ಪ ಬಾಗಿಸಿ ಕೂತರು. ನಾನು ಟೈಪು ಮಾಡುವುದನ್ನು ನಿಲ್ಲಿಸಿದೆ, ಕೀಲಿಗಳ ಸದ್ದು ಅವರಿಗೆ ಅಡ್ಡ ಬರಬಾರದೆಂದು.